ಇಮೇಲ್ ವಿಳಾಸ ಸರಿ ಇದೆಯಾ ಅಂತ ಟರ್ಮಿನಲ್‌ನಿಂದಲೇ ನೋಡುವುದು ಹೇಗೆ?

ಹಳೇಬೆಂಚು:

ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನ ಹಳೇ ವಿದ್ಯಾರ್ಥಿಗಳ ಸಂಘದ ಇಮೇಲ್ ಪಟ್ಟಿ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. 3000ದ ಆಸುಪಾಸು ವಿಳಾಸಗಳಿವೆ. ಅರ್ಧಕ್ಕರ್ಧ ವಾರ್ಷಿಕೋತ್ಸವಗಳಲ್ಲಿ ಜನ ರಿಜಿಸ್ಟರ್‌ನಲ್ಲಿ ಕೈಯಿಂದ ಬರೆದದ್ದು. ಆಮೇಲೆ ಬೇರೆ ಬೇರೆಯವರು ಅದನ್ನು ಎಕ್ಸೆಲ್‌ಗೆ ಹಾಕಿದ್ದಾರೆ. ಉಳಿದದ್ದು ಗೂಗಲ್ ಫಾರ್ಮ್‌ನಿಂದ ಬಂದದ್ದು. ಹೋದ ವರ್ಷ ಸಭೆಯ ಕರೆಯೋಲೆ ಒಟ್ಟಿಗೇ ಕಳಿಸಿದಾಗ ರಾಶಿ ರಾಶಿ ವಾಪಸ್ ಬಂತು. ಹೋಸ್ಟಿಂಗ್‌ನವರು ಖಾತೆಯನ್ನೇ ಕೆಲವು ದಿನ ತಡೆಹಿಡಿದರು.

ಈ ಸಲ ಮೊದಲೇ ಪಟ್ಟಿಯನ್ನು ಜರಡಿ ಹಿಡಿಯಬೇಕು ಅಂತಿದ್ದೇನೆ. "ಪಟ್ಟಿ ಅಪ್‌ಲೋಡ್ ಮಾಡಿ, ನಾವು ನೋಡಿ ಹೇಳುತ್ತೇವೆ" ಅನ್ನುವ ಜಾಲತಾಣಗಳು ಬೇಕಾದಷ್ಟಿವೆ. ನಮ್ಮ ಮೇಷ್ಟ್ರುಗಳ, ಸ್ನೇಹಿತರ ವಿಳಾಸಗಳನ್ನು ಗೊತ್ತಿಲ್ಲದವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಮನೆಯಲ್ಲಿ ಉಬುಂಟು ಇದೆ. ಗ್ರೆಪ್, ಸಾರ್ಟ್, ಆಕ್ ಇಷ್ಟರ ಮಟ್ಟಿಗೆ ಕಮಾಂಡ್ ಲೈನ್ ಬರುತ್ತದೆ.

ನನ್ನ ಪ್ರಶ್ನೆ ಎರಡು. ವಿಳಾಸದ ರೂಪ ಸರಿ ಇದೆಯಾ ಅಂತ ನೋಡುವುದು ಹೇಗೆ? ರೂಪ ಸರಿ ಇದ್ದರೂ ಮೇಲ್ ನಿಜಕ್ಕೂ ತಲುಪುತ್ತದೆಯಾ ಅಂತ ಮೇಲ್ ಕಳಿಸದೆಯೇ ತಿಳಿಯಬಹುದಾ?

ಕರಾವಳಿ_ಕೋಡ್:

ಮೊದಲನೆಯದು ಸುಲಭ. ಒಂದು ರೆಗೆಕ್ಸ್, ಅಂದರೆ ಸಾಲು ಹೇಗಿರಬೇಕು ಅಂತ ಹೇಳುವ ನಮೂನೆ, ಬರೆದು ಗ್ರೆಪ್‌ಗೆ ಕೊಡಿ. ಅಕ್ಷರ, ಅಂಕಿ, ಚುಕ್ಕೆ, ಅಂಡರ್‌ಸ್ಕೋರ್, ಆಮೇಲೆ @, ಆಮೇಲೆ ಡೊಮೇನ್, ಕೊನೆಗೆ ಚುಕ್ಕೆ ಮತ್ತು 2ರಿಂದ 4 ಅಕ್ಷರ. ಹೊಂದದ ಸಾಲುಗಳು ಬೇಕಿದ್ದರೆ ಮೈನಸ್ ವಿ ಹಾಕಿ. ಐದು ನಿಮಿಷದ ಕೆಲಸ.

ಅಂಚೆಪೆಟ್ಟಿಗೆ:

ಕರಾವಳಿಯವರೇ, ಆ ರೆಗೆಕ್ಸ್ ಒಳ್ಳೆಯ ವಿಳಾಸಗಳನ್ನೇ ಹೊರಗೆ ಹಾಕುತ್ತದೆ. ನಿಮ್ಮ ಗುಂಪಿನಲ್ಲಿ ಪ್ಲಸ್ ಚಿಹ್ನೆ ಇಲ್ಲ. ಮಂಜು+ಸಂಘ@ಜಿಮೇಲ್.ಕಾಂ ಥರದ ವಿಳಾಸ ನೂರಕ್ಕೆ ನೂರು ಸರಿ. ಜಾಗರೂಕರಾಗಿರುವ ಜನರೇ ಜಾಸ್ತಿ ಅದನ್ನು ಬಳಸುವುದು. ಕೊನೆಯಲ್ಲಿ 2ರಿಂದ 4 ಅಕ್ಷರ ಅನ್ನುವುದೂ ಹಳೇ ಕಾಲದ ಲೆಕ್ಕ. ಈಗ .ಆನ್‌ಲೈನ್, .ಟೆಕ್ನಾಲಜಿ ಅಂತೆಲ್ಲ ಉದ್ದದ ಡೊಮೇನ್‌ಗಳಿವೆ.

ಹಳೇಬೆಂಚು ಅವರೇ, ರೆಗೆಕ್ಸ್‌ಗೆ ಕೈ ಹಾಕುವ ಮೊದಲು ಫೈಲ್ ಒಳಗೆ ಏನೇನು ಅಡಗಿದೆ ಅಂತ ನೋಡಿ. ಎಕ್ಸೆಲ್‌ನಿಂದ ಸಿಎಸ್‌ವಿ ಮಾಡಿಕೊಂಡ ಮೇಲೆ ಕ್ಯಾಟ್ ಆಜ್ಞೆಗೆ ಮೈನಸ್ ದೊಡ್ಡ ಎ ಕೊಟ್ಟು ಓಡಿಸಿ. ಸಾಲಿನ ಕೊನೆಯಲ್ಲಿ ಬರೀ ಡಾಲರ್ ಚಿಹ್ನೆ ಕಂಡರೆ ಸರಿ. ಡಾಲರ್‌ಗಿಂತ ಮೊದಲು ಒಂದು ಕ್ಯಾರೆಟ್ ಮತ್ತು ದೊಡ್ಡ ಎಂ ಕಂಡರೆ ಅದು ವಿಂಡೋಸ್‌ನಿಂದ ಬಂದ ಸಾಲು. ಕಣ್ಣಿಗೆ ಕಾಣದ ಒಂದು ಅಕ್ಷರ ಪ್ರತಿ ವಿಳಾಸದ ಬಾಲಕ್ಕೂ ಅಂಟಿಕೊಂಡಿರುತ್ತದೆ. ಹಾಗೇ ಬಿಟ್ಟರೆ ಮುಂದೆ ಡಿಎನ್‌ಎಸ್ (ಡೊಮೇನ್ ಹೆಸರುಗಳ ವಿಳಾಸಪುಸ್ತಕ) ಕೇಳಿದಾಗ "ಅಂಥ ಡೊಮೇನೇ ಇಲ್ಲ" ಅಂತ ಎಲ್ಲದಕ್ಕೂ ಉತ್ತರ ಬರುತ್ತದೆ. ಡಾಸ್‌ಟುಯುನಿಕ್ಸ್ ಒಂದು ಸಲ ಓಡಿಸಿದರೆ ಹೋಗುತ್ತದೆ. ಫೈಲಿನ ಮೊಟ್ಟಮೊದಲ ಸಾಲಿನಲ್ಲಿ ಬೈಟ್ ಆರ್ಡರ್ ಮಾರ್ಕ್ ಅನ್ನುವ ಕಾಣದ ಗುರುತು ಇರಬಹುದು, ಅದನ್ನೂ ನೋಡಿ. ಮೊದಲ ವಿಳಾಸ ಮಾತ್ರ ಕಾರಣವಿಲ್ಲದೆ ಫೇಲ್ ಆಗುತ್ತಿದ್ದರೆ ಅನುಮಾನವೇ ಬೇಡ, ಅದೇ.

ಕ್ಯಾಟ್ ತೋರಿಸಿದ ಸಾಲಿನ ನಡುವೆ ಎಂ ಮತ್ತು ಹೈಫನ್ ಇರುವ ವಿಚಿತ್ರ ಚಿಹ್ನೆಗಳು ಕಂಡರೆ ಅಲ್ಲಿ ಆಸ್ಕಿ (ಮಾಮೂಲಿ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆ) ಅಲ್ಲದ ಬೈಟ್‌ಗಳಿವೆ ಅಂತ ಅರ್ಥ. ವಾಟ್ಸಾಪ್‌ನಿಂದಲೋ ವರ್ಡ್‌ನಿಂದಲೋ ಕಾಪಿ ಮಾಡಿದ ವಿಳಾಸಗಳಲ್ಲಿ ನಾನ್-ಬ್ರೇಕಿಂಗ್ ಸ್ಪೇಸ್ (ಖಾಲಿ ಜಾಗದಂತೆಯೇ ಕಾಣುವ ಬೇರೆ ಅಕ್ಷರ) ಬಂದು ಕೂರುತ್ತದೆ. ನಮ್ಮ ಕಡೆ ಇನ್ನೊಂದು ಇದೆ. ಕನ್ನಡ ಕೀಲಿಮಣೆ ಆನ್ ಇಟ್ಟುಕೊಂಡು ಟೈಪ್ ಮಾಡಿ, ನಡುವೆ ಇಂಗ್ಲಿಷಿಗೆ ಬದಲಿಸಿದವರ ಸಾಲಿನಲ್ಲಿ ಜೀರೋ ವಿಡ್ತ್ ನಾನ್ ಜಾಯಿನರ್ ಉಳಿದುಬಿಡುತ್ತದೆ. ಒತ್ತಕ್ಷರ ಬಿಡಿಸಲು ನಾವು ದಿನಾ ಬಳಸುವ ಅದೇ ಅಕ್ಷರ. ಪರದೆ ಮೇಲೆ ವಿಳಾಸ ಲಕ್ಷಣವಾಗಿ ಕಾಣುತ್ತದೆ, ಮೇಲ್ ಮಾತ್ರ ಹೋಗುವುದಿಲ್ಲ.

ಇನ್ನು ಕೈಬರಹ. ಗೆರೆ ಹಾಕಿದ ರಿಜಿಸ್ಟರ್‌ನಲ್ಲಿ ಅಂಡರ್‌ಸ್ಕೋರ್ ಬರೆದರೆ ಅದು ಗೆರೆಯಲ್ಲೇ ಮುಳುಗಿಹೋಗುತ್ತದೆ. ಟೈಪ್ ಮಾಡಿದವರು ಅಲ್ಲಿ ಖಾಲಿ ಜಾಗ ಅಂದುಕೊಂಡಿರುತ್ತಾರೆ. ಆದ್ದರಿಂದ @ ಹಿಂದೆ ಖಾಲಿ ಜಾಗ ಇರುವ ಸಾಲುಗಳನ್ನು ಅಳಿಸಬೇಡಿ, ಬೇರೆ ಫೈಲಿಗೆ ಹಾಕಿ. ಮೂಲ ರಿಜಿಸ್ಟರ್ ಸಿಕ್ಕರೆ ಅವೆಲ್ಲ ಬದುಕುತ್ತವೆ.

ಹಳೇಬೆಂಚು:

ಕ್ಯಾಟ್ ಓಡಿಸಿ ನೋಡಿದೆ. ನೀವು ಹೇಳಿದ ಕ್ಯಾರೆಟ್-ಎಂ ಪ್ರತಿ ಸಾಲಿನಲ್ಲೂ ಇತ್ತು. ನಾನ್-ಬ್ರೇಕಿಂಗ್ ಸ್ಪೇಸ್ ಕೂಡ ಸಿಕ್ಕಿತು. ಚುಕ್ಕೆಯ ಬದಲು ಅಲ್ಪವಿರಾಮ ಇರುವ ಜಿಮೇಲ್,ಕಾಂ ಬೇಕಾದಷ್ಟಿವೆ. ಇನ್ನು ಕೆಲವರು ವಿಳಾಸದ ಮುಂದೆ ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಚುಕ್ಕೆ ಅಂತ ಸೇರಿಸಿದ್ದಾರೆ. ರಿಜಿಸ್ಟರ್ ಪುಸ್ತಕಗಳು ಶಾಲೆಯ ಬೀರುವಿನಲ್ಲಿವೆ, ತರಿಸುತ್ತೇನೆ.

ಹಾಗಾದರೆ ರೂಪ ನೋಡಲು ಯಾವ ರೆಗೆಕ್ಸ್ ಬಳಸಲಿ ಸರ್?

ಅಂಚೆಪೆಟ್ಟಿಗೆ:

ಡಬ್ಲ್ಯೂ ಡಬ್ಲ್ಯೂ ಡಬ್ಲ್ಯೂ ಸೇರಿಸಿದ ವಿಳಾಸವನ್ನು ಯಾವ ರೆಗೆಕ್ಸೂ ಹಿಡಿಯುವುದಿಲ್ಲ, ನೋಡಿ. ರೂಪದ ಲೆಕ್ಕದಲ್ಲಿ ಅದು ಸರಿಯಾದ ವಿಳಾಸವೇ. ರೂಪ ಸರಿ ಇದೆ ಅನ್ನುವುದಕ್ಕೂ ವಿಳಾಸ ಸರಿ ಇದೆ ಅನ್ನುವುದಕ್ಕೂ ಅಷ್ಟು ದೂರ.

ನಿಯಮ ಚಿಕ್ಕದಾಗಿ ಹೇಳುತ್ತೇನೆ. @ ಹಿಂದಿನ ಭಾಗ 64 ಬೈಟ್ ಮೀರಬಾರದು. ಇಡೀ ವಿಳಾಸ 254 ಮೀರಬಾರದು. ಚುಕ್ಕೆ ಶುರುವಿನಲ್ಲಿ, ಕೊನೆಯಲ್ಲಿ ಇರಬಾರದು, ಎರಡು ಚುಕ್ಕೆ ಅಕ್ಕಪಕ್ಕ ಬರಬಾರದು. ಪ್ಲಸ್, ಹೈಫನ್, ಅಪಾಸ್ಟ್ರಫಿ ಎಲ್ಲ ಇರಬಹುದು. ಆರ್‌ಎಫ್‌ಸಿ ಅಂದರೆ ಇಂಟರ್ನೆಟ್ಟಿನ ನಿಯಮ ಬರೆದಿಡುವ ದಾಖಲೆ. 1982ರ ಆರ್‌ಎಫ್‌ಸಿ 822ರಿಂದ 2008ರ ಆರ್‌ಎಫ್‌ಸಿ 5322ರವರೆಗೆ ಬರೆದಿರುವ ನಿಯಮವನ್ನು ಪೂರ್ತಿ ಹಿಡಿದರೆ ಇನ್ನೂ ಏನೇನೋ ಒಪ್ಪಿಗೆ ಇದೆ. ಉದ್ಧರಣ ಚಿಹ್ನೆಯೊಳಗೆ ಖಾಲಿ ಜಾಗ ಇಡಬಹುದು, ಆವರಣದೊಳಗೆ ಟಿಪ್ಪಣಿ ಬರೆಯಬಹುದು. ನಿಮ್ಮ ಶಾಲೆಯ ಪಟ್ಟಿಯಲ್ಲಿ ಅಂಥದ್ದು ಒಂದೂ ಇರುವುದಿಲ್ಲ. ಪೂರ್ತಿ ನಿಯಮಕ್ಕೆ ಹೆಚ್ಚುಕಡಿಮೆ ಹೊಂದುವ ರೆಗೆಕ್ಸ್ ಪರ್ಲ್‌ನಲ್ಲಿ ಒಂದಿದೆ, ಪರದೆ ತುಂಬಾ ಹರಡಿಕೊಳ್ಳುವಷ್ಟು ಉದ್ದ. ಅದನ್ನು ತಂದು ಅಂಟಿಸುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಓದಲಾಗದ ಸಾಲನ್ನು ತಿದ್ದಲೂ ಆಗುವುದಿಲ್ಲ.

ಎಚ್‌ಟಿಎಂಎಲ್ ಮಾನದಂಡದಲ್ಲಿ ಇಮೇಲ್ ಇನ್‌ಪುಟ್‌ಗೆ ಕೊಟ್ಟಿರುವ ರೆಗೆಕ್ಸ್ ತೆಗೆದುಕೊಳ್ಳಿ. ಇದು ಬೇಕೆಂದೇ ಆರ್‌ಎಫ್‌ಸಿ 5322 ಮೀರಿದೆ ಅಂತ ಅವರೇ ಅಲ್ಲಿ ಬರೆದಿದ್ದಾರೆ. ಬಳಕೆಗೆ ಸರಿಯಾಗಿದೆ. ಎರಡು ಕೊರತೆ ಇವೆ. @ ಹಿಂದಿನ ಭಾಗದಲ್ಲಿ ಚುಕ್ಕೆ ಶುರುವಿನಲ್ಲಿ, ಕೊನೆಯಲ್ಲಿ ಇದ್ದರೂ, ಎರಡು ಚುಕ್ಕೆ ಅಕ್ಕಪಕ್ಕ ಬಂದರೂ ಅದು ಒಪ್ಪಿಬಿಡುತ್ತದೆ. ಡೊಮೇನ್‌ನಲ್ಲಿ ಚುಕ್ಕೆಯೇ ಇಲ್ಲದಿದ್ದರೂ ಒಪ್ಪುತ್ತದೆ. ಆ ಎರಡಕ್ಕೆ ಬೇರೆ ಗ್ರೆಪ್ ಹಾಕಿ.

ಪೈಥಾನ್ ಇದ್ದರೆ ಇಮೇಲ್-ವ್ಯಾಲಿಡೇಟರ್ ಅನ್ನುವ ಪ್ಯಾಕೇಜ್ ಪಿಪ್‌ನಿಂದ ಹಾಕಿಕೊಳ್ಳಿ. ಪ್ರೋಗ್ರಾಂ ಬರೆಯಬೇಕಿಲ್ಲ, ಕಮಾಂಡ್ ಲೈನ್‌ನಿಂದಲೇ ಓಡುತ್ತದೆ. ಸಾಲಿಗೊಂದರಂತೆ ವಿಳಾಸಗಳನ್ನು ಪೈಪ್ ಮಾಡಿ ಕೊಟ್ಟರೆ ಯಾವುದು ಏಕೆ ತಪ್ಪು ಅಂತ ಹೇಳುತ್ತದೆ. ಡೊಮೇನ್‌ನ ಡಿಎನ್‌ಎಸ್ ಕೂಡ ನೋಡುತ್ತದೆ.

ಪೋರ್ಟ್25:

ಇಷ್ಟೆಲ್ಲ ಸುತ್ತು ಯಾಕೆ? ನೇರವಾಗಿ ಆ ಕಡೆಯ ಸರ್ವರನ್ನೇ ಕೇಳಿದರೆ ಮುಗಿಯಿತಲ್ವಾ? ನಾನು ಆಫೀಸಿನಲ್ಲಿ ಮಾಡುವುದು ಇದನ್ನೇ.

ಡಿಗ್ ಅನ್ನುವುದು ಡಿಎನ್‌ಎಸ್ ಕೇಳುವ ಆಜ್ಞೆ, ಎಂಎಕ್ಸ್ ಅಂದರೆ ಒಂದು ಡೊಮೇನ್‌ನ ಮೇಲ್ ತೆಗೆದುಕೊಳ್ಳುವ ಸರ್ವರ್‌ಗಳ ದಾಖಲೆ. ಡಿಗ್ +ಶಾರ್ಟ್ ಎಂಎಕ್ಸ್ ಅಂತ ಕೊಟ್ಟು ಮುಂದೆ ಜಿಮೇಲ್.ಕಾಂ ಹಾಕಿ. ಐದು ಸಾಲು ಬರುತ್ತವೆ. ಮುಂದಿರುವ ಸಂಖ್ಯೆ 5, 10, 20, 30, 40. ಸಂಖ್ಯೆ ಚಿಕ್ಕದಿದ್ದಷ್ಟೂ ಆ ಸರ್ವರಿಗೆ ಮೊದಲ ಆದ್ಯತೆ. 5ರ ಮುಂದಿರುವ ಹೆಸರು ತೆಗೆದುಕೊಂಡು 25ನೇ ಪೋರ್ಟಿಗೆ ಟೆಲ್ನೆಟ್ ಮಾಡಿ. ಅದು 220 ಅಂತ ಸ್ವಾಗತ ಹೇಳುತ್ತದೆ. ನೀವು ಇಎಚ್‌ಎಲ್‌ಒ ಕೊಟ್ಟು ನಿಮ್ಮ ಹೆಸರು ಹೇಳಿ. ಮೇಲ್ ಫ್ರಂ ಕೊಟ್ಟು ಕಳಿಸುವವರ ವಿಳಾಸ ಹೇಳಿ. ಆರ್‌ಸಿಪಿಟಿ ಟು ಕೊಟ್ಟು ನೋಡಬೇಕಾದ ವಿಳಾಸ ಹೇಳಿ. 250 ಬಂದರೆ ಇದೆ. 550 5.1.1 ಬಂದರೆ ಅಂಥವರು ಇಲ್ಲ. ಕ್ವಿಟ್ ಹೊಡೆದು ಹೊರಗೆ ಬನ್ನಿ. ಮೇಲ್ ಹೋಗುವುದೇ ಇಲ್ಲ.

ಕೈಯಲ್ಲಿ ಟೈಪ್ ಮಾಡಲು ಬೇಜಾರಾದರೆ ಸ್ವಾಕ್ಸ್ ಅನ್ನುವ ಮೇಲ್ ಪರೀಕ್ಷೆಯ ಸಾಧನ ಇದೆ. ಕ್ವಿಟ್-ಆಫ್ಟರ್ ಆಯ್ಕೆಗೆ ಆರ್‌ಸಿಪಿಟಿ ಅಂತ ಕೊಟ್ಟರೆ ಅಷ್ಟೂ ಮಾತುಕತೆ ಅದೇ ಮಾಡಿ, ಅಲ್ಲಿಗೇ ನಿಲ್ಲಿಸುತ್ತದೆ.

ಟಿಎಲ್‌ಎಸ್ (ಗೂಢಲಿಪಿಯ ಸಂಪರ್ಕ) ಮೂಲಕ ನೋಡಬೇಕಿದ್ದರೆ ಓಪನ್‌ಎಸ್‌ಎಸ್‌ಎಲ್‌ನ ಎಸ್-ಕ್ಲೈಂಟ್ ಬಳಸಿ. ಆದರೆ ಅಲ್ಲಿ ಒಂದು ಕಾಟ ಇದೆ. ಸಾಲು ದೊಡ್ಡ ಆರ್‌ನಿಂದ ಶುರುವಾದರೆ ಅದು ಸರ್ವರಿಗೆ ಹೋಗುವುದೇ ಇಲ್ಲ. "ಸಂಪರ್ಕವನ್ನು ಮತ್ತೆ ಮಾತಾಡಿಕೋ" ಅನ್ನುವ ಆಜ್ಞೆ ಅಂತ ಎಸ್-ಕ್ಲೈಂಟ್ ತಾನೇ ತಿಳಿದುಕೊಳ್ಳುತ್ತದೆ. ದೊಡ್ಡ ಕ್ಯೂನಿಂದ ಶುರುವಾದರೆ ಸಂಪರ್ಕವನ್ನೇ ಕಡಿಯುತ್ತದೆ. ಆರ್‌ಸಿಪಿಟಿಯನ್ನು ಸಣ್ಣ ಅಕ್ಷರದಲ್ಲಿ ಹೊಡೆಯಿರಿ, ಎಸ್‌ಎಂಟಿಪಿಗೆ (ಮೇಲ್ ಸರ್ವರ್‌ಗಳ ಮಾತುಕತೆಯ ನಿಯಮ) ಎರಡೂ ಒಂದೇ. ಇಲ್ಲವೇ ಮೈನಸ್ ಕ್ವಯಟ್ ಆಯ್ಕೆ ಕೊಡಿ. ಇದು ಗೊತ್ತಿಲ್ಲದೆ ಸರ್ವರ್ ಕೆಟ್ಟಿದೆ ಅಂತ ತಲೆ ಕೆರೆದುಕೊಳ್ಳುವವರು ಬಹಳ ಜನ.

ಹಳೇಬೆಂಚು:

ಪೋರ್ಟ್25 ಅವರೇ, ಡಿಗ್ ಕೆಲಸ ಮಾಡಿತು, ಐದು ಸಾಲೂ ಬಂತು. ಟೆಲ್ನೆಟ್ ಮಾತ್ರ ಸುಮ್ನೆ ಕಾಯುತ್ತಾ ಕೂತಿದೆ. 220 ಬರುತ್ತಲೇ ಇಲ್ಲ. ಮನೆಯ ಬ್ರಾಡ್‌ಬ್ಯಾಂಡ್‌ನಿಂದ ಮಾಡುತ್ತಿದ್ದೇನೆ.

ಅಂಚೆಪೆಟ್ಟಿಗೆ:

ಬರುವುದಿಲ್ಲ. ಮನೆ ಸಂಪರ್ಕಗಳಲ್ಲಿ ಹೊರಗೆ ಹೋಗುವ 25ನೇ ಪೋರ್ಟನ್ನು ಸಾಮಾನ್ಯವಾಗಿ ಮುಚ್ಚಿರುತ್ತಾರೆ. ವೈರಸ್ ಹಿಡಿದ ಕಂಪ್ಯೂಟರ್‌ಗಳು ಸ್ಪ್ಯಾಮ್ ಕಳಿಸದಿರಲಿ ಅಂತ. ಕ್ಲೌಡ್‌ನಲ್ಲಿ ಒಂದು ಯಂತ್ರ ಬಾಡಿಗೆಗೆ ಹಿಡಿದರೂ ಅಷ್ಟೇ. ಅಮೆಜಾನ್‌ನ ಇಸಿ2ನಲ್ಲಿ, ಗೂಗಲ್ ಕ್ಲೌಡ್‌ನಲ್ಲಿ ಆ ಪೋರ್ಟಿಗೆ ಮೊದಲಿನಿಂದಲೇ ತಡೆ ಇದೆ. 587ನೇ ಪೋರ್ಟ್ ತೆರೆದಿರುತ್ತದೆ, ಆದರೆ ಅದು ನಿಮ್ಮ ಸ್ವಂತ ಖಾತೆಗೆ ಲಾಗಿನ್ ಆಗಿ ಮೇಲ್ ಒಪ್ಪಿಸುವ ಜಾಗ. ಬೇರೆಯವರ ವಿಳಾಸ ವಿಚಾರಿಸಲು ಅದು ಬರುವುದಿಲ್ಲ.

ಪೋರ್ಟ್25 ಅವರು ಹೇಳಿದ ವಿಧಾನದ ಬಗ್ಗೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಇಲ್ಲಿಗೆ ಬರುವ ಹೊಸಬರು ಇದನ್ನೇ ನಂಬಿ 3000 ವಿಳಾಸಕ್ಕೆ ಲೂಪ್ ಹಾಕಿಬಿಟ್ಟಾರು ಅಂತ ನನಗೆ ಭಯ.

ಎಸ್‌ಎಂಟಿಪಿ ಹುಟ್ಟಿದಾಗ ವಿಳಾಸ ವಿಚಾರಿಸಲು ಅದರಲ್ಲೇ ಒಂದು ಆಜ್ಞೆ ಇತ್ತು. 1982ರ ಆರ್‌ಎಫ್‌ಸಿ 821ರಲ್ಲಿ ವಿಆರ್‌ಎಫ್‌ವೈ ಅಂತ ಅದರ ಹೆಸರು. ಇಂಥವರು ನಿಮ್ಮಲ್ಲಿದ್ದಾರಾ ಅಂತ ಕೇಳಿದರೆ ಸರ್ವರ್ ಹೌದು, ಇಲ್ಲ ಅಂತ ಹೇಳಬೇಕಿತ್ತು. ಸ್ಪ್ಯಾಮ್ ಕಳಿಸುವವರು ಅದನ್ನೇ ಹಿಡಿದು ಊಹೆಯ ಹೆಸರುಗಳನ್ನೆಲ್ಲ ಕೇಳತೊಡಗಿದರು. ಈಗ ಬಹುತೇಕ ಸರ್ವರ್‌ಗಳು ಅದಕ್ಕೆ 252 ಅಂತಾರೆ. "ಇದ್ದಾರಾ ಅಂತ ಹೇಳಲಾರೆ, ಮೇಲ್ ಕೊಟ್ಟರೆ ತಲುಪಿಸಲು ನೋಡುತ್ತೇನೆ" ಅಂತ ಅದರ ಅರ್ಥ. ಇಲ್ಲವೇ ಆಜ್ಞೆಯನ್ನೇ ಮುಚ್ಚಿದ್ದಾರೆ. ಆರ್‌ಸಿಪಿಟಿವರೆಗೆ ಹೋಗಿ ವಾಪಸ್ ಬರುವುದು ಅದೇ ಕೆಲಸವನ್ನು ಹಿಂಬಾಗಿಲಿನಿಂದ ಮಾಡಿದಂತೆ.

ಬರುವ ಉತ್ತರವಾದರೂ ನಂಬುವಂಥದ್ದಾ? 250 ಅಂದರೆ ಈ ವಿಳಾಸಕ್ಕೆ ಮೇಲ್ ತೆಗೆದುಕೊಳ್ಳಲು ನನ್ನದೇನೂ ಅಡ್ಡಿಯಿಲ್ಲ ಅಂತ ಆ ಹೊತ್ತಿಗೆ ಹೇಳಿದ್ದು, ಅಷ್ಟೇ. ಸಣ್ಣ ಕಂಪನಿ, ಕಾಲೇಜುಗಳಲ್ಲಿ ಕ್ಯಾಚ್-ಆಲ್ ಇಟ್ಟಿರುತ್ತಾರೆ, ಯಾವ ಹೆಸರು ಕೇಳಿದರೂ 250. ಮುಂದೆ ಒಂದು ಸ್ಪ್ಯಾಮ್ ಫಿಲ್ಟರ್, ಹಿಂದೆ ಅಸಲಿ ಸರ್ವರ್ ಇರುವ ಕಡೆ ಮುಂದಿನದು ಅಪಾರ್ಟ್‌ಮೆಂಟಿನ ಗೇಟಿನ ವಾಚ್‌ಮನ್ ಥರ. "ಇಟ್ಟು ಹೋಗಿ, ಕೊಡುತ್ತೇನೆ" ಅನ್ನುತ್ತದೆ. ಆ ಮನೆಯವರು ಊರು ಬಿಟ್ಟಿದ್ದಾರಾ ಅಂತ ಅದಕ್ಕೆ ಗೊತ್ತಿರುವುದಿಲ್ಲ. ಗ್ರೇಲಿಸ್ಟಿಂಗ್ ಇಟ್ಟವರು ಮೊದಲ ಸಲ ಬಂದ ಯಾರಿಗಾದರೂ 450 ಕೊಟ್ಟು ಆಮೇಲೆ ಬನ್ನಿ ಅನ್ನುತ್ತಾರೆ. ಸ್ಕ್ರಿಪ್ಟ್ ಅದನ್ನು ಫೇಲ್ ಅಂತ ಬರೆದುಕೊಂಡರೆ ಒಳ್ಳೆಯ ವಿಳಾಸ ಹೋಯಿತು. ನಿಮ್ಮ ಐಪಿಗೆ ಹಿಮ್ಮುಖ ಡಿಎನ್‌ಎಸ್ ಹೆಸರು ಇಲ್ಲದಿದ್ದರೆ, ಅದು ಯಾವುದೋ ತಡೆಪಟ್ಟಿಯಲ್ಲಿದ್ದರೆ, ಆಗಲೂ 550 ಬರಬಹುದು. ಅಂಕಿ ಅದೇ, ಕಾರಣ ನೀವು, ಆ ವಿಳಾಸ ಅಲ್ಲ.

ಕೊನೆಯದು, ಇದೇ ದೊಡ್ಡದು. ಒಂದೇ ಐಪಿಯಿಂದ ಸಾಲಾಗಿ ಹೆಸರು ಕೇಳುತ್ತಾ, ಒಂದು ಮೇಲನ್ನೂ ಕೊಡದೆ ಹೋಗುವವರನ್ನು ಎಲ್ಲ ದೊಡ್ಡ ಸೇವೆಗಳೂ ಗಮನಿಸುತ್ತವೆ. ವಿಳಾಸ ಕದಿಯುವವರು ನಡೆದುಕೊಳ್ಳುವುದು ಹಾಗೇ. ಸ್ಪ್ಯಾಮ್‌ಹೌಸ್‌ನಂಥ ತಡೆಪಟ್ಟಿಗೆ ನಿಮ್ಮ ಐಪಿ ಬಿದ್ದರೆ ಮಾರನೇ ದಿನ ನಿಮ್ಮ ನಿಜವಾದ ಕರೆಯೋಲೆಯೂ ಹೋಗುವುದಿಲ್ಲ. ಹಂಚಿಕೊಂಡ ಹೋಸ್ಟಿಂಗ್ ಆದರೆ ಅದೇ ಐಪಿಯ ಮೇಲೆ ಕೂತಿರುವ ಇನ್ಯಾರದೋ ಮೇಲ್ ಕೂಡ ನಿಲ್ಲುತ್ತದೆ.

ಪೋರ್ಟ್25:

ಅಂಚೆಪೆಟ್ಟಿಗೆ ಸರ್, ಲೂಪ್ ಹಾಕಿ ಅಂತ ನಾನು ಹೇಳಲಿಲ್ಲ. ನಾನು ನೋಡುವುದು ನಮ್ಮದೇ ಡೊಮೇನ್‌ನ ವಿಳಾಸಗಳನ್ನು. "ನನಗೆ ಮೇಲ್ ಬರುತ್ತಿಲ್ಲ" ಅಂತ ಯಾರಾದರೂ ಫೋನ್ ಮಾಡಿದಾಗ ಸ್ವಾಕ್ಸ್ ಓಡಿಸಿದರೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ. ಅದಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ. ಪೋಸ್ಟ್‌ಫಿಕ್ಸ್ ಅನ್ನುವ ಮೇಲ್ ಸರ್ವರ್ ತಂತ್ರಾಂಶದಲ್ಲೂ ಸೆಂಡ್‌ಮೇಲ್ ಆಜ್ಞೆಗೆ ಮೈನಸ್ ಬಿವಿ ಕೊಟ್ಟರೆ ಮೇಲ್ ತಲುಪಿಸದೆ, ವಿಳಾಸ ನೋಡಿದ ವರದಿಯನ್ನು ನಿಮಗೆ ಮೇಲ್ ಮಾಡುತ್ತದೆ. ಅಂಥದ್ದೇ ಇನ್ನೊಂದು ತಂತ್ರಾಂಶ ಎಕ್ಸಿಮ್‌ನಲ್ಲಿ ಮೈನಸ್ ಬಿಟಿ ಕೊಟ್ಟರೆ ಆ ವಿಳಾಸದ ಮೇಲ್ ಯಾವ ದಾರಿ ಹಿಡಿಯುತ್ತದೆ ಅಂತ ತೋರಿಸುತ್ತದೆ. ಇವನ್ನೆಲ್ಲ ಬೇಡ ಅಂದರೆ ಹೇಗೆ?

ಅಂಚೆಪೆಟ್ಟಿಗೆ:

ಸ್ವಂತ ಸರ್ವರ್ ಪರೀಕ್ಷೆಗೆ ನಾನೂ ದಿನಾ ಬಳಸುವುದು ಸ್ವಾಕ್ಸನ್ನೇ. ಅದರಲ್ಲಿ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯವೇ ಇಲ್ಲ. ಒಂದು ಮುಖ್ಯ ವಿಳಾಸದ ಬಗ್ಗೆ ಅನುಮಾನ ಬಂದರೆ ಒಂದು ಸಲ ಕೇಳುವುದೂ ತಪ್ಪಲ್ಲ. ಬೇರೆಯವರ ಡೊಮೇನ್ ಮೇಲೆ ಪಟ್ಟಿಗಟ್ಟಲೆ ಬೇಡ ಅನ್ನುತ್ತಿದ್ದೇನೆ.

ಹಳೇಬೆಂಚು ಅವರಿಗೆ ಇದಕ್ಕಿಂತ ಜಾಸ್ತಿ ಲಾಭ ಕೊಡುವುದು ಡಿಎನ್‌ಎಸ್. ಅದು ಯಾರಿಗೂ ತೊಂದರೆ ಮಾಡುವುದಿಲ್ಲ. ಮನೆಯಿಂದಲೇ ನಡೆಯುತ್ತದೆ.

ಆಕ್‌ನಿಂದ @ ನಂತರದ ಭಾಗ ಬೇರೆ ಮಾಡಿ. ಟಿಆರ್‌ನಿಂದ ಎಲ್ಲ ಸಣ್ಣ ಅಕ್ಷರಕ್ಕೆ ತನ್ನಿ. ಸಾರ್ಟ್ ಮಾಡಿ, ಯುನಿಕ್ ಮೈನಸ್ ಸಿ ಹಾಕಿ, ಮತ್ತೆ ಎಣಿಕೆಯ ಮೇಲೆ ಸಾರ್ಟ್ ಮಾಡಿ. ಮೇಲ್ಗಡೆ ಜಿಮೇಲ್, ಯಾಹೂ, ರೆಡಿಫ್‌ಮೇಲ್, ಹಾಟ್‌ಮೇಲ್ ಕೂತಿರುತ್ತವೆ. ಅವುಗಳ ಬಗ್ಗೆ ಚಿಂತೆ ಬೇಡ. ಕೆಳಗಡೆ, ಒಂದು, ಎರಡು ಸಲ ಮಾತ್ರ ಬಂದಿರುವ ಡೊಮೇನ್‌ಗಳ ಉದ್ದನೆಯ ಸಾಲು ಇರುತ್ತದೆ. ನಿಮ್ಮ ಪಟ್ಟಿಯ ಕಾಯಿಲೆ ಎಲ್ಲ ಅಲ್ಲಿದೆ. ಪ್ರಿಂಟ್ ತೆಗೆದು ಕಣ್ಣಲ್ಲೇ ಓದಿ.

ಆ ಸಾಲಿನ ಪ್ರತಿ ಡೊಮೇನ್‌ಗೂ ಎಂಎಕ್ಸ್ ಕೇಳಿ. ವಿಳಾಸ 3000 ಇದ್ದರೂ ಬೇರೆ ಬೇರೆ ಡೊಮೇನ್ ಅದರಲ್ಲಿ ಸ್ವಲ್ಪವೇ ಇರುವುದು. ಇಲ್ಲಿ ಒಂದು ಎಚ್ಚರ ಬೇಕು. ಡೊಮೇನ್ ಇಲ್ಲದಿದ್ದರೂ ಡಿಗ್‌ನ ಎಕ್ಸಿಟ್ ಕೋಡ್ ಸೊನ್ನೆಯೇ. ಉತ್ತರ ಸಿಕ್ಕಿತು ಅನ್ನುವುದಷ್ಟೇ ಅದರ ಲೆಕ್ಕ. ಆದ್ದರಿಂದ ಸ್ಕ್ರಿಪ್ಟ್‌ನಲ್ಲಿ ಎಕ್ಸಿಟ್ ಕೋಡ್ ನಂಬಬೇಡಿ. ಉತ್ತರದಲ್ಲಿರುವ ಸ್ಟೇಟಸ್ ಓದಿ. ಎನ್‌ಎಕ್ಸ್‌ಡೊಮೇನ್ ಅಂದರೆ ಆ ಹೆಸರೇ ಇಲ್ಲ. ಸರ್ವ್‌ಫೇಲ್ ಅಂದರೆ ಈಗ ತಿಳಿಯಲಾಗಲಿಲ್ಲ ಅಂತ. ಅದನ್ನು ಅಳಿಸದೆ ನಾಳೆ ಮತ್ತೆ ಕೇಳಿ. ಎಂಎಕ್ಸ್ ಇಲ್ಲ, ಆದರೆ ಎ ದಾಖಲೆ (ಡೊಮೇನ್‌ನ ಐಪಿ ವಿಳಾಸ) ಇದೆ ಅಂದರೆ ಅದೂ ನಡೆಯುತ್ತದೆ. ನಿಯಮದ ಪ್ರಕಾರ ಮೇಲ್ ಆಗ ನೇರವಾಗಿ ಆ ಐಪಿಗೇ ಹೋಗಬೇಕು. ಎಂಎಕ್ಸ್ ಉತ್ತರದಲ್ಲಿ ಸೊನ್ನೆ ಮತ್ತು ಬರೀ ಒಂದು ಚುಕ್ಕೆ ಬಂದರೆ ಅದು ನಲ್ ಎಂಎಕ್ಸ್, 2015ರ ಆರ್‌ಎಫ್‌ಸಿ 7505. ನಾವು ಮೇಲ್ ತೆಗೆದುಕೊಳ್ಳುವುದೇ ಇಲ್ಲ ಅಂತ ಆ ಡೊಮೇನ್‌ನವರೇ ಹೇಳುತ್ತಿದ್ದಾರೆ. ಅದನ್ನು ಕಣ್ಣುಮುಚ್ಚಿ ತೆಗೆಯಬಹುದು.

ಮಲೆನಾಡ_ಮಳೆ:

ಒಂದು ಸೇರಿಸಲಾ? ಕಾಗುಣಿತ ತಪ್ಪಿದ ಡೊಮೇನ್‌ಗೂ ಎಂಎಕ್ಸ್ ಇರಬಹುದು. ಹೆಸರಾಂತ ಮೇಲ್ ಸೇವೆಗಳ ಹೆಸರಿನಲ್ಲಿ ಒಂದಕ್ಷರ ಆಚೀಚೆ ಮಾಡಿ ಡೊಮೇನ್ ಕೊಂಡಿಟ್ಟುಕೊಂಡು, ಬರುವ ಮೇಲನ್ನೆಲ್ಲ ತೆಗೆದುಕೊಳ್ಳುವವರಿದ್ದಾರೆ. ಅಲ್ಲಿ ಡಿಎನ್‌ಎಸ್ ಎಲ್ಲ ಸರಿ ಅನ್ನುತ್ತದೆ, ನಿಮ್ಮ ಪತ್ರ ಮಾತ್ರ ಅಪರಿಚಿತರ ಕೈಗೆ ಹೋಗುತ್ತದೆ. ಅದಕ್ಕೇ ಕಣ್ಣಲ್ಲಿ ಓದಿ ಅಂತ ಅವರು ಹೇಳಿದ್ದು.

ಆದರೆ ಎಲ್ಲವನ್ನೂ ಸೆಡ್ ಹಾಕಿ ತಿದ್ದಲೂ ಹೋಗಬೇಡಿ. ಜಿಮೇಲ್.ಸಿಒಎನ್ ಅಂತ ಇದ್ದರೆ ಧೈರ್ಯವಾಗಿ ಕಾಂ ಮಾಡಿ, ಸಿಒಎನ್ ಅನ್ನುವ ಮೇಲ್ಮಟ್ಟದ ಡೊಮೇನೇ ಇಲ್ಲ. ಸಿಒ ಕೊಲಂಬಿಯಾದ್ದು, ಸಿಎಂ ಕ್ಯಾಮರೂನ್‌ದು, ಎರಡೂ ನಿಜವಾದವು. ಯಾಹೂ ವಿಳಾಸದಲ್ಲಿ .ಕಾಂ, .ಇನ್, .ಸಿಒ.ಇನ್ ಮೂರೂ ಬಳಕೆಯಲ್ಲಿವೆ. ಒಂದನ್ನು ಇನ್ನೊಂದಕ್ಕೆ ಬದಲಿಸಿದರೆ ಬೇರೆ ಮನುಷ್ಯನಿಗೆ ಹೋಗುತ್ತದೆ.

ಇನ್ನು ಒಬ್ಬರೇ ಎರಡು ಸಲ ಇರುವುದು. ಜಿಮೇಲ್‌ನಲ್ಲಿ @ ಹಿಂದಿನ ಚುಕ್ಕೆ ಲೆಕ್ಕಕ್ಕಿಲ್ಲ. ಹೆಸರಿನ ನಡುವೆ ಚುಕ್ಕೆ ಇಟ್ಟರೂ ಬಿಟ್ಟರೂ ಒಂದೇ ಪೆಟ್ಟಿಗೆ. ಹೋಲಿಸಲು ಮಾತ್ರ ಚುಕ್ಕೆ ತೆಗೆದ ಒಂದು ಕಾಲಂ ಮಾಡಿಕೊಳ್ಳಿ. ಕಳಿಸುವಾಗ ಅವರು ಬರೆದುಕೊಟ್ಟ ಹಾಗೇ ಕಳಿಸಿ. ಬೇರೆ ಸೇವೆಗಳಿಗೆ ಈ ಲೆಕ್ಕ ಹಾಕಬೇಡಿ.

ಲಿಪಿಲಹರಿ:

ಕನ್ನಡದಲ್ಲೇ ಇಮೇಲ್ ವಿಳಾಸ ಇದ್ದರೆ ಏನಾಗುತ್ತದೆ ಅಂತ ಯಾರೂ ಹೇಳಲಿಲ್ಲ. .ಭಾರತ ಅನ್ನುವ ಮೇಲ್ಮಟ್ಟದ ಡೊಮೇನ್ ಕನ್ನಡ ಲಿಪಿಯಲ್ಲೂ ಇದೆಯಲ್ಲ.

ನನಗೆ ಈ ವಿಷಯದಲ್ಲಿ ಬಹಳ ಆಸೆ ಇದೆ, ಅದಕ್ಕೇ ಬರೆಯುತ್ತಿದ್ದೇನೆ. ಡೊಮೇನ್ ಭಾಗ ಕನ್ನಡದಲ್ಲಿದ್ದರೆ ಐಡಿಎನ್2 ಅನ್ನುವ ಆಜ್ಞೆಗೆ ಕೊಡಿ. ಎಕ್ಸ್‌ಎನ್ ಮತ್ತು ಎರಡು ಹೈಫನ್‌ನಿಂದ ಶುರುವಾಗುವ ಪ್ಯೂನಿಕೋಡ್, ಅಂದರೆ ಬರೀ ಆಸ್ಕಿ ಅಕ್ಷರಗಳ ರೂಪ, ಕೊಡುತ್ತದೆ. ಅದನ್ನು ಡಿಗ್‌ಗೆ ಕೊಟ್ಟರೆ ಮಾಮೂಲಿನಂತೆ ಎಂಎಕ್ಸ್ ಬರುತ್ತದೆ. @ ಹಿಂದಿನ ಹೆಸರು ಕನ್ನಡದಲ್ಲಿದ್ದರೆ ಆ ಉಪಾಯ ನಡೆಯುವುದಿಲ್ಲ. ಅದಕ್ಕೆ ಪ್ಯೂನಿಕೋಡ್ ಇಲ್ಲ, ದಾರಿಯಲ್ಲಿರುವ ಸರ್ವರ್‌ಗಳೇ ಯುಟಿಎಫ್-8 ಒಪ್ಪಬೇಕು. 2012ರ ಆರ್‌ಎಫ್‌ಸಿ 6531 ಇದಕ್ಕೆ ದಾರಿ ಮಾಡಿತು. ಜಿಮೇಲ್ 2014ರಲ್ಲಿ ಇಂಥ ವಿಳಾಸಗಳಿಗೆ ಕಳಿಸಲು, ಅಲ್ಲಿಂದ ಬಂದದ್ದನ್ನು ತೆಗೆದುಕೊಳ್ಳಲು ಶುರು ಮಾಡಿತು. ಪೋಸ್ಟ್‌ಫಿಕ್ಸ್‌ನಲ್ಲಿ 2015ರ 3.0 ಆವೃತ್ತಿಯಿಂದ ಇದೆ. ಇಎಚ್‌ಎಲ್‌ಒಗೆ ಸರ್ವರ್ ಕೊಡುವ ಪಟ್ಟಿಯಲ್ಲಿ ಎಸ್‌ಎಂಟಿಪಿಯುಟಿಎಫ್8 ಅನ್ನುವ ಸಾಲು ಇದ್ದರೆ ಅದು ತಯಾರಿದೆ ಅಂತ ಅರ್ಥ.

ಒಂದು ಲೆಕ್ಕ ನೆನಪಿಡಿ. ಮೇಲೆ ಹೇಳಿದ 64ರ ಮಿತಿ ಬೈಟ್‌ನದು, ಅಕ್ಷರದ್ದಲ್ಲ. ಯುಟಿಎಫ್-8ನಲ್ಲಿ ಕನ್ನಡದ ಪ್ರತಿ ಕೋಡ್‌ಗೆ 3 ಬೈಟ್. ಮಂಜುನಾಥ ಅನ್ನುವುದು ನಮಗೆ ನಾಲ್ಕೇ ಅಕ್ಷರ. ಸೊನ್ನೆ, ಉಕಾರದ ಕೊಂಬು, ಇಳಿ ಎಲ್ಲ ಸೇರಿ ಏಳು ಕೋಡ್, ಅಂದರೆ 21 ಬೈಟ್. ಹೀಗೆ 21 ಕೋಡ್‌ಗೆ ಜಾಗ ಮುಗಿಯುತ್ತದೆ. ಒತ್ತಕ್ಷರ ಇರುವ ಉದ್ದದ ಹೆಸರು, ಜೊತೆಗೆ ಊರಿನ ಹೆಸರು ಸೇರಿಸಿದರೆ ಮೀರಿಬಿಡುತ್ತದೆ. ಡಬ್ಲ್ಯೂಸಿ ಮೈನಸ್ ಸಿ ಬೈಟ್ ಎಣಿಸುತ್ತದೆ, ಮೈನಸ್ ಎಂ ಕೋಡ್ ಎಣಿಸುತ್ತದೆ. ಇಲ್ಲಿ ಬೇಕಾದದ್ದು ಮೈನಸ್ ಸಿ. ಕೊನೆಯ ಹೊಸಸಾಲನ್ನೂ ಅದು ಸೇರಿಸಿ ಎಣಿಸುತ್ತದೆ, ಒಂದು ಕಳೆಯಿರಿ.

ಆಸ್ಕಿ ಅಲ್ಲದ ಬೈಟ್ ಕಂಡ ತಕ್ಷಣ ಅಳಿಸುವ ಸ್ಕ್ರಿಪ್ಟ್ ಬರೆದರೆ ಇಂಥವರನ್ನೂ ಅಳಿಸಿದಂತಾಗುತ್ತದೆ. ಕಾಣದ ಅಕ್ಷರ ತೆಗೆಯಿರಿ, ಕನ್ನಡ ಅಕ್ಷರ ಬಿಡಿ.

ಹಳೇಬೆಂಚು:

ಕನ್ನಡ ವಿಳಾಸ ನಮ್ಮ ಪಟ್ಟಿಯಲ್ಲಿ ಸದ್ಯ ಇಲ್ಲ ಲಿಪಿಲಹರಿ ಅವರೇ. ಮುಂದೆ ಬಂದರೆ ಸ್ಕ್ರಿಪ್ಟ್ ಅದನ್ನು ಬಿಸಾಕದ ಹಾಗೆ ನೋಡಿಕೊಳ್ಳುತ್ತೇನೆ.

ಡೊಮೇನ್ ಎಣಿಕೆ ಮಾಡಿದೆ. ಕೆಳಗಿನ ಬಾಲದಲ್ಲಿ ಜಿಮೇಲ್ ಅನ್ನು ಎಷ್ಟು ವಿಧದಲ್ಲಿ ಬರೆಯಬಹುದೋ ಅಷ್ಟೂ ಇದೆ. ಮುಚ್ಚಿಹೋದ ಕಂಪನಿಗಳ ಡೊಮೇನ್‌ಗಳೂ ಇವೆ. ಹುಡುಗರು ಮೊದಲ ಕೆಲಸಕ್ಕೆ ಸೇರಿದಾಗ ಕೊಟ್ಟ ಆಫೀಸಿನ ವಿಳಾಸಗಳು. ಇವಿಷ್ಟು ತೆಗೆದ ಮೇಲೂ ಜಿಮೇಲ್‌ನದೇ ದೊಡ್ಡ ರಾಶಿ ಉಳಿಯುತ್ತದೆ. ಅದರಲ್ಲಿ ಯಾವುದು ಜೀವಂತ, ಯಾವುದು ಅಲ್ಲ ಅಂತ ತಿಳಿಯಲು ಕೊನೆಗೂ ಮೇಲ್ ಕಳಿಸಲೇಬೇಕಾ?

ಅಂಚೆಪೆಟ್ಟಿಗೆ:

ಹೌದು, ಕಳಿಸಲೇಬೇಕು. ಅಲ್ಲಿಯವರೆಗೆ ನಾವು ಮಾಡಿದ್ದೆಲ್ಲ ಖಂಡಿತ ತಪ್ಪಾದದ್ದನ್ನು ತೆಗೆದದ್ದು. ಒಂದು ವಿಳಾಸ ಸರಿ ಅಂತ ಹೇಳುವ ಹಕ್ಕು ಅದರ ಹಿಂದಿರುವ ಮನುಷ್ಯನಿಗೆ ಮಾತ್ರ ಇದೆ. ಅವರು ಉತ್ತರ ಕೊಡಬೇಕು, ಇಲ್ಲವೇ ನೀವು ಕಳಿಸಿದ ಕೊಂಡಿ ಒತ್ತಬೇಕು.

ಹೇಗೆ ಕಳಿಸುತ್ತೀರಿ ಅನ್ನುವುದರಲ್ಲಿ ಹೋದ ವರ್ಷದ ತೊಂದರೆಗೆ ಮದ್ದಿದೆ. ಒಟ್ಟಿಗೇ ಬೇಡ. ಈಚೆಗೆ ಫಾರ್ಮ್‌ನಲ್ಲಿ ವಿಳಾಸ ಕೊಟ್ಟವರಿಂದ ಶುರು ಮಾಡಿ, ಸಣ್ಣ ಸಣ್ಣ ಕಂತಿನಲ್ಲಿ ಕಳಿಸಿ. ರಿಜಿಸ್ಟರ್‌ನ ಹಳೇ ಹೆಸರುಗಳು ಕೊನೆಗಿರಲಿ. ಕಳಿಸುವ ಡೊಮೇನ್‌ಗೆ ಎಸ್‌ಪಿಎಫ್, ಡಿಕಿಮ್ (ಮೇಲ್ ನಿಜಕ್ಕೂ ನಿಮ್ಮ ಡೊಮೇನ್‌ನಿಂದಲೇ ಬಂದದ್ದು ಅಂತ ತೋರಿಸುವ ಏರ್ಪಾಡು) ಇದೆಯಾ ಅಂತ ಹೋಸ್ಟಿಂಗ್‌ನವರನ್ನು ಕೇಳಿ. ಗೂಗಲ್ 2024ರ ಫೆಬ್ರವರಿಯಿಂದ ಇದನ್ನು ಬಿಗಿ ಮಾಡಿದೆ. ದಿನಕ್ಕೆ 5000 ಮೀರಿ ಕಳಿಸುವವರಿಗೆ ಡಿಮಾರ್ಕ್ (ಆ ಪರೀಕ್ಷೆಯಲ್ಲಿ ಸೋತ ಮೇಲನ್ನು ಏನು ಮಾಡಬೇಕು ಅಂತ ಹೇಳುವ ದಾಖಲೆ), ಒಂದೇ ಒತ್ತಿಗೆ ಪಟ್ಟಿ ಬಿಡುವ ಸೌಲಭ್ಯ ಕೂಡ ಬೇಕು. ನೀವು ಅಷ್ಟು ದೊಡ್ಡವರಲ್ಲ, ಆದರೂ ಪಟ್ಟಿ ಬಿಡುವ ಕೊಂಡಿ ಇಡಿ. ಬೇಡ ಅನ್ನಿಸಿದವರು ಸ್ಪ್ಯಾಮ್ ಗುಂಡಿ ಒತ್ತುವ ಬದಲು ಅದನ್ನು ಒತ್ತುತ್ತಾರೆ.

ವಾಪಸ್ ಬಂದ ಮೇಲ್‌ಗಳನ್ನು ಒಂದು ಫೋಲ್ಡರಿಗೆ ಹಾಕಿ, ಗ್ರೆಪ್‌ನಿಂದ ಸ್ಟೇಟಸ್ ಅನ್ನುವ ಸಾಲು ಹುಡುಕಿ. ಮೂರು ಅಂಕಿಯ ಕೋಡ್ ಸಿಗುತ್ತದೆ. 5.1.1 ಅಂದರೆ ಅಂಥ ಪೆಟ್ಟಿಗೆ ಇಲ್ಲ, ತೆಗೆದುಬಿಡಿ. 4ರಿಂದ ಶುರುವಾದರೆ ತಾತ್ಕಾಲಿಕ, ಕಾಯಿರಿ. 5.7ರಿಂದ ಶುರುವಾದದ್ದನ್ನು ಬಹಳ ಜನ ತಪ್ಪು ತಿಳಿಯುತ್ತಾರೆ. ಅದು ನಿಮ್ಮ ಮೇಲೆ ಬಂದ ಆಕ್ಷೇಪಣೆ. ಕಳಿಸಿದವರನ್ನು ಒಪ್ಪಲಿಲ್ಲ ಅಂತ ಅರ್ಥ. ಅದನ್ನು ನೋಡಿ ವಿಳಾಸ ಅಳಿಸಿದರೆ ಚೆನ್ನಾಗಿರುವ ಜನರನ್ನೇ ಕಳೆದುಕೊಳ್ಳುತ್ತೀರಿ. ಕಳಿಸುವುದನ್ನು ನಿಲ್ಲಿಸಿ, ಮೊದಲು ನಿಮ್ಮ ಕಡೆ ಸರಿ ಮಾಡಿ.

ಕೆಲವು ಬೌನ್ಸ್‌ಗಳಲ್ಲಿ, ಅಂದರೆ ವಾಪಸ್ ಬಂದ ಮೇಲ್‌ಗಳಲ್ಲಿ, ಮೂಲ ವಿಳಾಸವೇ ಇರುವುದಿಲ್ಲ. ಒಬ್ಬರು ಇನ್ನೊಂದು ಖಾತೆಗೆ ಫಾರ್ವರ್ಡ್ ಹಾಕಿಕೊಂಡಿದ್ದರೆ ಆ ಎರಡನೇ ವಿಳಾಸದ ಹೆಸರಲ್ಲಿ ವಾಪಸ್ ಬರುತ್ತದೆ, ನಿಮ್ಮ ಪಟ್ಟಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಇದಕ್ಕೆ ವರ್ಪ್ ಅನ್ನುವ ಉಪಾಯ ಇದೆ. ಪ್ರತಿಯೊಬ್ಬರಿಗೂ ಕಳಿಸುವಾಗ ವಾಪಸ್ ಬರಬೇಕಾದ ವಿಳಾಸದಲ್ಲೇ ಅವರ ವಿಳಾಸವನ್ನು ಹೆಣೆದಿಡುವುದು. ಆಗ ಬೌನ್ಸ್ ಒಳಗೆ ಏನೇ ಬರೆದಿರಲಿ, ಯಾವ ವಿಳಾಸಕ್ಕೆ ವಾಪಸ್ ಬಂತು ಅಂತ ನೋಡಿದರೆ ಸಾಕು. ಮೇಲಿಂಗ್ ಲಿಸ್ಟ್ ತಂತ್ರಾಂಶ ಬಳಸಿದರೆ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ.

ಪಟ್ಟಿಯನ್ನು ಹೊರಗಿನ ಜಾಲತಾಣಕ್ಕೆ ಕೊಡಬಾರದು ಅಂದಿರಲ್ಲ, ಆ ನಿಲುವು ಬಿಡಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇದೆ ಅನ್ನುವುದು ಒಂದು ಮಾತು. ಕಾಯ್ದೆ ಇಲ್ಲದಿದ್ದರೂ ಜನ ವಿಳಾಸ ಕೊಟ್ಟದ್ದು ಶಾಲೆಗೆ.

ಮಲೆನಾಡ_ಮಳೆ:

5.2.2 ಬಗ್ಗೆ ಹೇಳಲಿಲ್ಲ ಸರ್. ಪೆಟ್ಟಿಗೆ ತುಂಬಿದೆ ಅಂತ ಬರುವುದು. ನಮ್ಮ ಸಹಕಾರ ಸಂಘದ ಪಟ್ಟಿಯಲ್ಲಿ ಅದೇ ಜಾಸ್ತಿ. ತೆಗೆಯಬೇಕಾ, ಇಡಬೇಕಾ?

ಅಂಚೆಪೆಟ್ಟಿಗೆ:

ಇಡಿ. ಜಿಮೇಲ್‌ನಲ್ಲಿ ಉಚಿತವಾಗಿ ಸಿಗುವ 15 ಜಿಬಿಯನ್ನು ಮೇಲ್, ಡ್ರೈವ್, ಫೋಟೋಸ್ ಮೂರೂ ಹಂಚಿಕೊಳ್ಳುತ್ತವೆ. ಫೋನಿನ ಫೋಟೋ, ವಿಡಿಯೋ ಎಲ್ಲ ಅಲ್ಲಿಗೆ ಹೋಗಿ ತುಂಬಿದರೆ ಮೇಲ್ ಬರುವುದು ನಿಲ್ಲುತ್ತದೆ. ಆ ಮನುಷ್ಯ ಫೋನ್ ದಿನಾ ಬಳಸುತ್ತಲೇ ಇರುತ್ತಾನೆ, ಪೆಟ್ಟಿಗೆ ತುಂಬಿದ್ದು ಗೊತ್ತಿರುವುದಿಲ್ಲ. ಒಂದು ಫೋನ್ ಮಾಡಿ ಹೇಳಿದರೆ ಅವರಿಗೂ ಉಪಕಾರ.

5.1.1 ಬಂದ ಹಳೇ ಜಿಮೇಲ್‌ಗಳಿಗೆ ಇನ್ನೊಂದು ಕಾರಣ ಇರಬಹುದು. 2 ವರ್ಷ ಮುಟ್ಟದ ವೈಯಕ್ತಿಕ ಖಾತೆಗಳನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಅಳಿಸಲು ಶುರು ಮಾಡಿದೆ. ಅಳಿಸಿದ ಜಿಮೇಲ್ ಹೆಸರನ್ನು ಮತ್ತೆ ಯಾರಿಗೂ ಕೊಡುವುದಿಲ್ಲ. ಹಾಗಾಗಿ ಅವರು ಅದೇ ವಿಳಾಸಕ್ಕೆ ವಾಪಸ್ ಬರುತ್ತಾರೆ ಅಂತ ಕಾಯಬೇಡಿ.

ಹಳೇಬೆಂಚು:

ಎಲ್ಲರಿಗೂ ಧನ್ಯವಾದ. ಪಟ್ಟಿಯನ್ನು ಮೂರು ಫೈಲ್ ಮಾಡಿದ್ದೇನೆ. ಕಳಿಸಬಹುದಾದದ್ದು, ರಿಜಿಸ್ಟರ್ ನೋಡಿ ತಿದ್ದಬೇಕಾದದ್ದು, ಫೋನ್ ಮಾಡಬೇಕಾದದ್ದು. ಮೂರನೆಯದನ್ನು ಬ್ಯಾಚ್ ಪ್ರಕಾರ ಸಾರ್ಟ್ ಮಾಡಿ ಆಯಾ ಬ್ಯಾಚಿನವರಿಗೆ ಹಂಚುತ್ತಿದ್ದೇನೆ. ಮೊದಲ ಕಂತು ಸೋಮವಾರ ಬೆಳಿಗ್ಗೆ ಹೋಗುತ್ತದೆ. ಬೌನ್ಸ್‌ನಲ್ಲಿ ಅರ್ಥವಾಗದ ಕೋಡ್ ಬಂದರೆ, ಅದರಲ್ಲಿರುವ ವಿಳಾಸ ತೆಗೆದು ಇಲ್ಲೇ ಹಾಕುತ್ತೇನೆ.

ಪೋರ್ಟ್25:

ಹಾಕಿ. ಕೋಡ್ ಒಂದೇ ಬೇಡ, ಅದರ ಪಕ್ಕದ ಪೂರ್ತಿ ಸಾಲು ಹಾಕಿ. ಆ ಕಡೆಯ ಸರ್ವರ್ ಬರೆದ ಕಾರಣ ಅಲ್ಲೇ ಇರುತ್ತದೆ.